ನಂಜು ಯಾರದು?

ಗಾಯ ಕೆಂಪಾಗಿ ಬಾತುಕೊಂಡರೆ ‘ನಂಜಾಗಿದೆ’ ಎನ್ನುತ್ತೇವೆ, ಆ ನಂಜನ್ನು ರೋಗಾಣುವೇ ತಂದು ಸುರಿದಿದೆ ಎಂದು ಭಾವಿಸುತ್ತೇವೆ. 1892ರ ವೇಳೆಗೆ ಬರ್ಲಿನ್‌ನಲ್ಲಿ ರಾಬರ್ಟ್ ಕಾಖ್ ಅವರ ಜೊತೆಗಿದ್ದ ರಿಚರ್ಡ್ ಫೈಫರ್ ಅವರಿಗೂ ಹಾಗೆಯೇ ತೋರಿತ್ತು. ಕಾಯಿಸಿ ಕೊಂದ ಕಾಲರಾ ಬ್ಯಾಕ್ಟೀರಿಯಾಗಳನ್ನು ಚುಚ್ಚಿದಾಗಲೂ ಗಿನಿಯಿಲಿಗಳು ಸತ್ತದ್ದರಿಂದ, ವಿಷವು ಬ್ಯಾಕ್ಟೀರಿಯಾದ ಮೈಯಲ್ಲೇ ಅಡಗಿದೆಯೆಂದು ಅವರು ತೀರ್ಮಾನಿಸಿದರು. ‘ಎಂಡೋಟಾಕ್ಸಿನ್’ ಎಂಬ ಆ ವಸ್ತು ಬ್ಯಾಕ್ಟೀರಿಯಾದ ಹೊರಪೊರೆಯಲ್ಲಿರುವ ಕೊಬ್ಬು ಮತ್ತು ಸಕ್ಕರೆಗಳ ಅಣು.

ಆದರೆ ಸಿ3ಎಚ್/ಎಚ್‌ಇಜೆ ಎಂಬ ತಳಿಯ ಇಲಿಗಳಿಗೆ ಅದೇ ಎಂಡೋಟಾಕ್ಸಿನ್ ಏನೂ ಮಾಡದು. ವಿಷವೇ ಆಗಿದ್ದರೆ ಅವೇಕೆ ಸಾಯಲಿಲ್ಲ? ಅಮೆರಿಕದ ಡಲ್ಲಾಸ್‌ನಲ್ಲಿ ಬ್ರೂಸ್ ಬಾಯ್ಟ್ಲರ್ ಅವರ ತಂಡ ವರ್ಷಗಟ್ಟಲೆ ಹುಡುಕಿ 1998ರಲ್ಲಿ ಉತ್ತರ ಕೊಟ್ಟಿತು: ಆ ಇಲಿಗಳಲ್ಲಿ, ಎಂಡೋಟಾಕ್ಸಿನ್‌ನ ಸುಳಿವು ಹಿಡಿಯುವ ಗ್ರಾಹಕ ಪ್ರೋಟೀನನ್ನು ರೂಪಿಸುವ ಟಿಎಲ್‌ಆರ್4 ಜೀನಿನಲ್ಲಿ ಒಂದು ಅಕ್ಷರ ತಪ್ಪಿ, ಪ್ರೋಟೀನಿನ 712ನೆಯ ಸ್ಥಾನದಲ್ಲಿ ಪ್ರೋಲೀನ್ ಎಂಬ ಅಮೈನೋ ಆಮ್ಲ ಹೋಗಿ ಹಿಸ್ಟಿಡೀನ್ ಬಂದಿತ್ತು. ಹಾಗೆಂದು ಅವು ಪುಣ್ಯವಂತ ಇಲಿಗಳೇನಲ್ಲ; ಜೀವಂತ ಸಾಲ್ಮೊನೆಲ್ಲಾ ಹೊಕ್ಕರೆ ಸುಳಿವೇ ಸಿಗದೆ ಬೇಗನೆ ಸಾಯುತ್ತವೆ.

ನಮ್ಮಲ್ಲಿ ಈ ಜೀನ್ 9ನೆಯ ವರ್ಣತಂತುವಿನಲ್ಲಿದ್ದು, 839 ಅಮೈನೋ ಆಮ್ಲಗಳ ಪ್ರೋಟೀನನ್ನು ರೂಪಿಸುತ್ತದೆ. ಕುದುರೆಯ ಲಾಳದಂತೆ ಬಾಗಿದ ಅದರ ತಲೆ ಜೀವಕೋಶದ ಹೊರಗೆ, ಬಾಲ ಒಳಗೆ. ತಲೆಗೆ ಎಂಡಿ-2 ಎಂಬ ಪುಟ್ಟ ಚೀಲ ಅಂಟಿಕೊಂಡಿದೆ. ಎಂಡೋಟಾಕ್ಸಿನ್‌ಗೆ ಸಾಮಾನ್ಯವಾಗಿ ಆರು ಕೊಬ್ಬಿನ ಎಳೆಗಳು. ಐದು ಎಳೆಗಳು ಚೀಲದೊಳಗೆ ಇಳಿದು, ಆರನೆಯದು ತುಂಬಿದ ಸಂಚಿಯಿಂದ ಇಣುಕುವ ನುಗ್ಗೆಕಾಯಿಯಂತೆ ಹೊರಗೆ ಉಳಿಯುತ್ತದೆ. ಹಾಗೆ ಉಳಿದದ್ದೇ ಕೊಕ್ಕೆಯಾಗಿ ಪಕ್ಕದ ಇನ್ನೊಂದು ಟಿಎಲ್‌ಆರ್4 ಅನ್ನು ಹಿಡಿದುಕೊಳ್ಳುತ್ತದೆ. ಹೊರಗೆ ತಲೆಗಳು ಜೋಡಿಯಾದಾಗ ಒಳಗೆ ಬಾಲಗಳೂ ಒಂದನ್ನೊಂದು ಸೇರಿ, ಇಕ್ಕಳದ ಎರಡು ಹಿಡಿ ಕೂಡಿದಂತಾಗಿ, ಉರಿಯೂತದ ಜೀನ್‌ಗಳು ಎಚ್ಚರಗೊಳ್ಳುತ್ತವೆ. ಈ ಗ್ರಾಹಕ ತಾನಾಗಿ ಕಳ್ಳನನ್ನು ಹಿಡಿಯುವುದಿಲ್ಲ, ತಮಟೆ ಬಡಿದು ಊರನ್ನು ಎಬ್ಬಿಸುತ್ತದೆ. ಎದ್ದ ಊರು ಹದ್ದು ಮೀರಿದಾಗ ಜ್ವರ ಏರುತ್ತದೆ, ರಕ್ತನಾಳಗಳು ಸೋರುತ್ತವೆ, ರಕ್ತದೊತ್ತಡ ಕುಸಿಯುತ್ತದೆ. ರೋಗನಿರೋಧಕ ಶಕ್ತಿಯನ್ನು ‘ಹೆಚ್ಚಿಸುವ’ ಪುಡಿ, ಕಷಾಯಗಳನ್ನು ಮಾರುವವರು ಈ ತಮಟೆಯನ್ನು ಎಷ್ಟು ಜೋರಾಗಿ ಬಡಿಸಬೇಕೆಂದಿದ್ದಾರೋ ತಿಳಿಯದು.

ಹೆಸರಿನದೂ ಒಂದು ಕಥೆ. ಟಿಎಲ್‌ಆರ್ ಎಂದರೆ ‘ಟೋಲ್-ಲೈಕ್ ರಿಸೆಪ್ಟರ್’, ಅಂದರೆ ಟೋಲ್‌ನಂಥ ಗ್ರಾಹಕ. ‘ಟೋಲ್’ ಎಂದರೆ ಜರ್ಮನ್ ಭಾಷೆಯಲ್ಲಿ ‘ಭಲೇ’ ಎಂಬಂಥ ಮಾತು. ಹಣ್ಣುನೊಣದ ಭ್ರೂಣಕ್ಕೆ ಬೆನ್ನು ಯಾವುದು, ಹೊಟ್ಟೆ ಯಾವುದು ಎಂದು ನಿರ್ಧರಿಸುವ ಜೀನಿಗೆ ಮೊದಲು ಇಟ್ಟ ಹೆಸರು. ಅದೇ ಜೀನ್ ಕೆಟ್ಟ ನೊಣಗಳು ಶಿಲೀಂಧ್ರ ಸೋಂಕಿಗೆ ಬಲಿಯಾಗುವುದನ್ನು ಯೂಲ್ಸ್ ಹಾಫ್‌ಮನ್ ಅವರ ತಂಡ 1996ರಲ್ಲಿ ತೋರಿಸಿತು. 2011ರ ನೊಬೆಲ್ ಪ್ರಶಸ್ತಿಯಲ್ಲಿ ಅವರೂ ಬಾಯ್ಟ್ಲರ್ ಅವರೂ ಪಾಲುದಾರರಾದರು.

ಗಿಲೀಟಿನ ಓಲೆ ಹಾಕಿಕೊಂಡಾಗ ಕೆಲವರ ಕಿವಿ ಕೆರೆದು ಹುಣ್ಣಾಗುವುದಕ್ಕೆ ಅನೇಕ ವೇಳೆ ಅದರ ನಿಕ್ಕಲ್ ಕಾರಣ. ಅಲ್ಲಿ ಬ್ಯಾಕ್ಟೀರಿಯಾದ ಸುಳಿವೇ ಇರಬೇಕಿಲ್ಲ. ಮಾನವ ಟಿಎಲ್‌ಆರ್4ನ 456 ಮತ್ತು 458ನೆಯ ಸ್ಥಾನದ ಹಿಸ್ಟಿಡೀನ್‌ಗಳಿಗೆ ನಿಕ್ಕಲ್ ಅಂಟಿಕೊಂಡು, ಗ್ರಾಹಕಗಳನ್ನು ಜೋಡಿ ಮಾಡಿಬಿಡುತ್ತದೆ. ಇಲಿಯ ಗ್ರಾಹಕದಲ್ಲಿ ಆ ಹಿಸ್ಟಿಡೀನ್‌ಗಳಿಲ್ಲ. ಮನುಷ್ಯನ ಟಿಎಲ್‌ಆರ್4 ಜೀನನ್ನು ಕೊಟ್ಟು ಬೆಳೆಸಿದ ಇಲಿಗಳಿಗೆ ಮಾತ್ರ ನಿಕ್ಕಲ್ ಅಲರ್ಜಿಯೂ ಬಂತು.