ಎದೆಯಲ್ಲಿ ಗಡ್ಡೆ ಅಂದರು, ಮುಂದೇನು?

ಪ್ರಶ್ನೆ: ನಮ್ಮ ಮಾಣಿಗೆ 9 ವರ್ಷ. ಮಳೆಗಾಲ ಶುರುವಾದಾಗಿನಿಂದ ಕೆಮ್ಮು. ಕಷಾಯ, ಸಿರಪ್ ಎಲ್ಲ ಆಯಿತು. ಈಗ ಎಕ್ಸ್‌ರೇ ನೋಡಿದ ಡಾಕ್ಟರು ಎದೆಯ ನಡುವೆ ಗಡ್ಡೆ ಇದ್ದ ಹಾಗಿದೆ ಅಂದರು. ಕ್ಯಾನ್ಸರೇ? ಮಗು ಉಳಿಯುತ್ತಾನಾ?
– ಒಬ್ಬ ತಾಯಿ, ಶಿರಸಿ

ಉತ್ತರ: ಕ್ಯಾನ್ಸರ್ ಅಂತ ಈಗಲೇ ಹೇಳಲು ಬರುವುದಿಲ್ಲ ಅಕ್ಕಾ. ಟಿಬಿಯಿಂದ ಊದಿದ ಗಂಟುಗಳೂ ಎಕ್ಸ್‌ರೇಯಲ್ಲಿ ಹೀಗೇ ಕಾಣಬಹುದು. ಹಾಗಂತ ದೀಪಾವಳಿ ಮುಗಿಯಲಿ ಎಂದು ಕಾಯಬೇಡಿ.

ಮೊದಲು ಒಂದು ಮಾತು ಹೇಳಿ. ರಾತ್ರಿ ಅವನು ಹೇಗೆ ಮಲಗುತ್ತಾನೆ? ಅಂಗಾತ ಮಲಗಿದರೆ ಉಸಿರು ಕಟ್ಟಿ ಎದ್ದು ಕೂರುತ್ತಾನಾ? ಬೆಳಿಗ್ಗೆ ಮುಖ, ಕುತ್ತಿಗೆ ಊದಿರುತ್ತದಾ? ಹಾಗಿದ್ದರೆ ಗಡ್ಡೆ ಶ್ವಾಸನಾಳವನ್ನೋ ದೊಡ್ಡ ರಕ್ತನಾಳವನ್ನೋ ಒತ್ತುತ್ತಿರಬಹುದು. ಇವತ್ತೇ ಹೊರಡಿ. ಹುಬ್ಬಳ್ಳಿಗಾಗಲಿ ಮಣಿಪಾಲಕ್ಕಾಗಲಿ, ಕಾರಿನ ಹಿಂದಿನ ಸೀಟಿನಲ್ಲಿ ಮಲಗಿಸಬೇಡಿ, ಕೂರಿಸಿಕೊಂಡೇ ಹೋಗಿ. ಸ್ಕ್ಯಾನ್‌ಗೆ ನಿದ್ದೆ ಔಷಧಿ ಕೊಡುವ ಮೊದಲು ಇದನ್ನು ಡಾಕ್ಟರಿಗೆ ಹೇಳಲೇಬೇಕು.

ಇನ್ನೊಂದು, ದಮ್ಮು ಅಂದುಕೊಂಡು ಮನೆಯಲ್ಲಿ ಉಳಿದ ಸ್ಟಿರಾಯ್ಡ್ ಸಿರಪ್ಪನ್ನು ಸುಮ್ನೆ ಕುಡಿಸಬೇಡಿ. ಲಿಂಫೋಮಾ (ದುಗ್ಧಗ್ರಂಥಿಗಳ ಕ್ಯಾನ್ಸರ್) ಆಗಿದ್ದರೆ ಗಡ್ಡೆ ಅದಕ್ಕೇ ಕರಗತೊಡಗುತ್ತದೆ. ಮಗು ಚೆನ್ನಾದ ಹಾಗೆ ಕಾಣುತ್ತದೆ, ಆದರೆ ಗಡ್ಡೆಯ ಚೂರು ತೆಗೆದು ನೋಡುವ ಬಯಾಪ್ಸಿಯಲ್ಲಿ ಕಾಯಿಲೆಯ ಗುರುತೇ ಸಿಗದೆ ಹೋಗಬಹುದು. ಈಗಾಗಲೇ ಕೊಟ್ಟಿದ್ದರೆ ಮುಚ್ಚಿಡದೆ ಚೀಟಿ ತೋರಿಸಿ.

ಉಳಿಯುತ್ತಾನಾ ಅಂತ ಕೇಳಿದಿರಿ. ಅದು ಯಾವ ಗಡ್ಡೆ ಎಂಬುದರ ಮೇಲಿದೆ. ಹಾಡ್ಜ್‌ಕಿನ್ ಎಂಬ ಬಗೆಯ ಲಿಂಫೋಮಾಗೆ ಪೂರ್ತಿ ಚಿಕಿತ್ಸೆ ಸಿಕ್ಕರೆ 10ರಲ್ಲಿ ಸುಮಾರು 9 ಮಕ್ಕಳು ಉಳಿಯುತ್ತಾರೆ. ಟಿ-ಸೆಲ್ ಎಂಬ ಬಿಳಿ ರಕ್ತಕಣದಿಂದ ಹುಟ್ಟುವ ಲಿಂಫೋಮಾ, ಲ್ಯುಕೇಮಿಯಾ (ರಕ್ತದ ಕ್ಯಾನ್ಸರ್) ದಿನಗಳಲ್ಲೇ ಬೆಳೆಯುತ್ತವೆ. ಕೀಮೋಗೆ (ಕ್ಯಾನ್ಸರ್ ಕೊಲ್ಲುವ ಔಷಧಿಗೆ) ಬಗ್ಗುತ್ತವೆ, ಆದರೆ ಚಿಕಿತ್ಸೆ ಎರಡು ವರ್ಷದ ಮೇಲೂ ನಡೆಯುತ್ತದೆ. ಬೆನ್ನುಮೂಳೆ ಪಕ್ಕದ ನ್ಯೂರೋಬ್ಲಾಸ್ಟೋಮಾ (ಎಳೆಯ ನರಕೋಶಗಳಿಂದ ಹುಟ್ಟುವ ಕ್ಯಾನ್ಸರ್) ಹೆಚ್ಚಾಗಿ ಐದು ವರ್ಷದೊಳಗಿನವರದ್ದು. ಒಂದು ಕಣ್ಣಿನ ರೆಪ್ಪೆ ಜೋತು ಬೀಳುವುದು, ಕಾಲಿನ ಶಕ್ತಿ ಕುಂದುವುದು ಅದರ ಲಕ್ಷಣ. ಹೊಟ್ಟೆಯಲ್ಲಿ ಹುಟ್ಟಿದ್ದಕ್ಕಿಂತ ಎದೆಯಲ್ಲಿ ಹುಟ್ಟಿದ್ದು ಸಾಮಾನ್ಯವಾಗಿ ವಾಸಿ. ಕ್ಯಾನ್ಸರ್ ಅಲ್ಲದ ಗಡ್ಡೆಗಳೂ ಇವೆ, ಅವಕ್ಕೆ ಎಷ್ಟೋ ಸಲ ಆಪರೇಷನ್ ಒಂದೇ ಸಾಕು.

ನನಗೆ ಜಾಸ್ತಿ ಹೆದರಿಕೆ ಅರ್ಧಕ್ಕೆ ನಿಲ್ಲಿಸುವವರದ್ದು. ಎರಡು ಕೀಮೋ ಆಗುತ್ತಲೇ ಮಗು ಆಡತೊಡಗುತ್ತದೆ, ಊರಿಂದ ಓಡಾಡುವ ಖರ್ಚು ಬೇರೆ, ಸಾಕು ಅನಿಸುತ್ತದೆ ಅಲ್ವಾ? ಬಿಪಿಎಲ್ ಕಾರ್ಡ್ ಇದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಹೊರಡುವಾಗ ಆ ಕಾರ್ಡು, ಆಧಾರ್, ಹಳೆಯ ಎಕ್ಸ್‌ರೇ ಎಲ್ಲ ಒಂದೇ ಚೀಲದಲ್ಲಿ ಇಟ್ಟುಕೊಳ್ಳಿ.