ನೀಲಿ ಪ್ರೋಟೀನಿನ ಕೆಂಪು ಹೊಳಪು ಮತ್ತು ಪಾದರಸ

ಒಂದು ಚಮಚ ಸ್ಪಿರುಲಿನ ಪುಡಿಯನ್ನು ತಣ್ಣೀರಿನಲ್ಲಿ ಕದಡಿ ರಾತ್ರಿಯಿಡೀ ಫ್ರಿಜ್ಜಿನಲ್ಲಿಟ್ಟರೆ ಹಸಿರು ಚರಟ ತಳ ಸೇರುತ್ತದೆ, ಮೇಲಿನ ನೀರು ನೀಲಿಯಾಗುತ್ತದೆ. ಆ ನೀರನ್ನು ತೆಳು ಬಟ್ಟೆಯಲ್ಲಿ ಸೋಸಿ, ಗಾಜಿನ ಲೋಟಕ್ಕೆ ಸುರಿದು, ಬಿಸಿಲಿಗೆ ಹಿಡಿದು ಪಕ್ಕದಿಂದ ನೋಡಬೇಕು. ನೀಲಿಯೊಳಗಿಂದ ಕೆಂಪು ಹೊಳಪೊಂದು ಹೊಮ್ಮುತ್ತಿರುತ್ತದೆ. ಅದು ಫೈಕೋಸಯನಿನ್ ಎಂಬ ಪ್ರೋಟೀನಿನ ಪ್ರತಿದೀಪ್ತಿ. ಸುಮಾರು 620 ನ್ಯಾನೋಮೀಟರ್ ತರಂಗಾಂತರದ ಕಿತ್ತಳೆ ಬೆಳಕನ್ನು ಹೀರಿಕೊಂಡು, 650ರ ಆಸುಪಾಸಿನ ಕೆಂಪು ಬೆಳಕನ್ನು ಅದು ಹೊರಬಿಡುತ್ತದೆ. ಪ್ರಯೋಗಾಲಯದಲ್ಲಿ ಇದೇ ದ್ರಾವಣಕ್ಕೆ ಪಾದರಸದ ಲವಣವನ್ನು ಸೇರಿಸಿದರೆ ಮೊದಲು ಕೆಂಪು ಮಂಕಾಗುತ್ತದೆ. ಪಾದರಸದ ಪ್ರಮಾಣ ಏರಿದಂತೆ ನೀಲಿಯೂ ಮಾಸುತ್ತದೆ.

ನೀಲಿ-ಹಸಿರು ಪಾಚಿ ಎಂದು ನಾವು ಕರೆಯುವುದು ಸಯನೋಬ್ಯಾಕ್ಟೀರಿಯಾಗಳನ್ನು. ಸ್ಪಿರುಲಿನವೂ ಅವುಗಳಲ್ಲೊಂದು. ಪತ್ರಹರಿತ್ತು ಹಸಿರು ಮತ್ತು ಕಿತ್ತಳೆ ಬೆಳಕನ್ನು ಚೆನ್ನಾಗಿ ಹೀರುವುದಿಲ್ಲ. ಆ ಕೊರತೆಯನ್ನು ತುಂಬಲು ಈ ಜೀವಿಗಳು ತಮ್ಮ ಪೊರೆಗಳ ಮೇಲೆ ಫೈಕೋಬಿಲಿಸೋಮ್ ಎಂಬ ರಚನೆಗಳನ್ನು ಕಟ್ಟಿಕೊಂಡಿವೆ. ಹೊರಗಿನ ಕಡ್ಡಿಗಳಲ್ಲಿ ಫೈಕೋಸಯನಿನ್, ನಡುವಿನ ತಿರುಳಿನಲ್ಲಿ ಅಲೋಫೈಕೋಸಯನಿನ್, ಅದರಡಿಯಲ್ಲಿ ಪತ್ರಹರಿತ್ತು. ತಾರಸಿ ಹಾಕುವ ದಿನ ಕಾಂಕ್ರೀಟಿನ ಬಾಣಲಿ ಕೈಯಿಂದ ಕೈಗೆ ಸಾಗುವಂತೆ ಹೀರಿಕೊಂಡ ಶಕ್ತಿ ಇಲ್ಲಿ ಒಂದರಿಂದ ಇನ್ನೊಂದಕ್ಕೆ ದಾಟುತ್ತದೆ. ದಾರಿಯಲ್ಲಿ ಸೋರಿಹೋಗುವುದು ನೂರಕ್ಕೆ ಐದು ಪಾಲಿಗಿಂತಲೂ ಕಡಿಮೆ. ಕೋಶದಿಂದ ಬೇರ್ಪಟ್ಟ ಫೈಕೋಸಯನಿನ್‌ಗೆ ಶಕ್ತಿಯನ್ನು ದಾಟಿಸಲು ಮುಂದೆ ಯಾರೂ ಇಲ್ಲ. ಲೋಟದಲ್ಲಿ ಅದು ಅಷ್ಟು ಕೆಂಪಾಗಿ ಹೊಳೆಯುವುದು ಈ ಕಾರಣಕ್ಕೇ.

ಫೈಕೋಸಯನಿನ್‌ನಲ್ಲಿ ಬೆಳಕನ್ನು ಹಿಡಿಯುವ ಭಾಗದ ಹೆಸರು ಫೈಕೋಸಯನೋಬಿಲಿನ್, ಚಿಕ್ಕದಾಗಿ ಬಿಲಿನ್. ಕಾಮಾಲೆಯಲ್ಲಿ ಕಣ್ಣನ್ನು ಹಳದಿಯಾಗಿಸುವ ಬಿಲಿರುಬಿನ್‌ಗೆ ಇದು ಹತ್ತಿರದ ಸಂಬಂಧಿ. ಎರಡೂ, ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ಅಣುವಿನ ಉಂಗುರ ಬಿಚ್ಚಿಕೊಂಡು ಹುಟ್ಟುವ ಉದ್ದನೆಯ ಅಣುಗಳು. ಈ ಬಿಲಿನ್ ಪ್ರೋಟೀನಿಗೆ ಅಂಟಿಕೊಂಡಿರುವುದು ಸಿಸ್ಟೈನ್ ಎಂಬ ಅಮೈನೋ ಆಮ್ಲದ ಗಂಧಕದ ಮೂಲಕ. ಆಲ್ಫಾ ಸರಪಳಿಯಲ್ಲಿ ಇಂಥ ಒಂದು ಜೋಡಣೆ, ಬೀಟಾ ಸರಪಳಿಯಲ್ಲಿ ಎರಡು. ಬೀಟಾದಲ್ಲಿ ಇವಲ್ಲದೆ ಯಾವುದಕ್ಕೂ ಅಂಟಿಕೊಳ್ಳದ ಇನ್ನೊಂದು ಸಿಸ್ಟೈನ್ ಬಿಲಿನ್‌ನ ಪಕ್ಕದಲ್ಲೇ ಇದೆ. ಪಾದರಸಕ್ಕೆ ಗಂಧಕದ ಮೇಲಿರುವ ಸೆಳೆತ ರಸಾಯನಶಾಸ್ತ್ರದ ಅತಿ ಬಲವಾದ ಸೆಳೆತಗಳಲ್ಲೊಂದು. ಅದು ಈ ಒಂಟಿ ಸಿಸ್ಟೈನನ್ನು ಹಿಡಿದುಕೊಂಡಿತೆಂದರೆ ಪಕ್ಕದ ಬಿಲಿನ್‌ನ ಭಂಗಿ ಕೆಡುತ್ತದೆ, ಬೆಳಕು ಹೀರುವ ಗುಣ ಕುಂದುತ್ತದೆ. ಮೂರು ಮೂರಾಗಿ, ಆರು ಆರಾಗಿ ಕೂಡಿಕೊಂಡ ಪ್ರೋಟೀನು ಘಟಕಗಳೂ ಸಡಿಲಗೊಂಡು ಬಿಡಿಯಾಗತೊಡಗುತ್ತವೆ.

ಜೀವಂತ ಕೋಶದಲ್ಲೂ ಹೀಗೆಯೇ ಆಗುತ್ತದೆ ಎಂಬುದಕ್ಕೆ ಭಾರತದಲ್ಲೇ ಒಳ್ಳೆಯ ಕೆಲಸ ನಡೆದಿದೆ. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಪ್ರಸನ್ನ ಮೊಹಾಂತಿ ಮತ್ತು ಅವರ ಸಹೋದ್ಯೋಗಿಗಳು 1980ರ ದಶಕದ ಕೊನೆಯಿಂದ ಸ್ಪಿರುಲಿನದ ಮೇಲೆ ಪಾದರಸದ ಪರಿಣಾಮವನ್ನು ಅಧ್ಯಯನ ಮಾಡಿದರು. ಅತ್ಯಲ್ಪ ಪ್ರಮಾಣದಲ್ಲೇ ಪಾದರಸವು ಫೈಕೋಸಯನಿನ್ ಅನ್ನು ಆರಿಸಿ ಹೊಡೆದು, ಶಕ್ತಿ ಸಾಗಣೆಗೆ ಅಡ್ಡಿಯಾಗುತ್ತದೆ ಎಂದು ತೋರಿಸಿದರು. ಇಡೀ ಕೋಶವನ್ನು ಸಾಯಿಸುವ ವಿಷವೊಂದು ಮೊದಲು ಯಾವ ಅಣುವಿನ ಯಾವ ಮೂಲೆಯಲ್ಲಿ ಕೈಯಿಡುತ್ತದೆ ಎಂದು ಗುರುತಿಸುವುದು ಸಣ್ಣ ಸಾಧನೆಯಲ್ಲ.

ತಾಮ್ರದ ದಾರಿ ಬೇರೆ. ಮಲೆನಾಡಿನ ಅಡಕೆ ಬೆಳೆಗಾರರಿಗೆ ಮೈಲುತುತ್ತ ಗೊತ್ತು. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣದ ಜೀವಾಳ ಅದೇ ತಾಮ್ರದ ಸಲ್ಫೇಟ್. ಕೆರೆ, ಜಲಾಶಯಗಳಲ್ಲಿ ಪಾಚಿಯನ್ನು ಕೊಲ್ಲಲು ಇಪ್ಪತ್ತನೇ ಶತಮಾನದ ಆರಂಭದಿಂದ ಬಳಸುತ್ತ ಬಂದಿರುವುದೂ ಅದನ್ನೇ. ತಾಮ್ರದ ಅಯಾನಿನಲ್ಲಿ ಜೊತೆಯಿಲ್ಲದ ಎಲೆಕ್ಟ್ರಾನೊಂದು ಇರುತ್ತದೆ. ಬಿಲಿನ್‌ನ ಸಮೀಪಕ್ಕೆ ಅದು ಬಂದರೆ ಬೆಳಕಾಗಿ ಹೊರಡಬೇಕಿದ್ದ ಶಕ್ತಿ ಶಾಖವಾಗಿ ಕರಗಿಹೋಗುತ್ತದೆ. ಇದೇ ತಾಮ್ರ ಲೇಶಮಾತ್ರ ಇಲ್ಲದಿದ್ದರೆ ಅನೇಕ ಸಯನೋಬ್ಯಾಕ್ಟೀರಿಯಾಗಳು ದ್ಯುತಿಸಂಶ್ಲೇಷಣೆಯಲ್ಲಿ ಎಲೆಕ್ಟ್ರಾನು ಸಾಗಿಸುವ ಪ್ಲಾಸ್ಟೋಸಯನಿನ್ ಎಂಬ ಪ್ರೋಟೀನನ್ನು ಪೂರ್ತಿಗೊಳಿಸಲಾರವು.

ಎಲ್ಲ ಲೋಹಗಳೂ ಹೊಳಪನ್ನು ನಂದಿಸುತ್ತವೆ ಎಂದುಕೊಳ್ಳಬೇಡಿ. ಪ್ರಯೋಗಾಲಯಗಳಲ್ಲಿ ಪ್ರೋಟೀನುಗಳನ್ನು ಜೆಲ್ ಮೇಲೆ ಬೇರ್ಪಡಿಸಿದ ನಂತರ ಅದಕ್ಕೆ ಸತುವಿನ ಲವಣ ಹಾಕಿ ನೇರಳಾತೀತ ಬೆಳಕಿನಲ್ಲಿ ನೋಡುತ್ತಾರೆ. ಬಿಲಿನ್ ಇರುವ ಪ್ರೋಟೀನಿನ ಪಟ್ಟೆ ಮಾತ್ರ ಬೆಳಗುತ್ತದೆ, ಉಳಿದವು ಕತ್ತಲಲ್ಲೇ ಇರುತ್ತವೆ. ಸತು ಬಿಲಿನ್‌ನ ನೈಟ್ರೋಜನ್‌ಗಳನ್ನು ಹಿಡಿದು ಅದರ ಅಲುಗಾಟ ನಿಲ್ಲಿಸುವುದರಿಂದ ಹೊಳಪು ಹೆಚ್ಚುತ್ತದೆ. ಆವರ್ತಕ ಕೋಷ್ಟಕದಲ್ಲಿ ಸತು ಮತ್ತು ಪಾದರಸ ಒಂದೇ ಗುಂಪಿನವು ಎಂಬುದನ್ನು ನೆನೆದರೆ ಈ ವ್ಯತ್ಯಾಸ ನನಗೆ ಈಗಲೂ ಬೆರಗು ಹುಟ್ಟಿಸುತ್ತದೆ.

ಹಾಗಿದ್ದರೆ ಹೊಳಪು ಕುಂದುವುದನ್ನೇ ನೀರಿನ ಪರೀಕ್ಷೆಯಾಗಿ ಬಳಸಬಹುದೇ? ಈ ದಿಕ್ಕಿನಲ್ಲಿ ಸಂಶೋಧನೆಗಳು ನಡೆದಿವೆ. ಆದರೆ ಇಲ್ಲೊಂದು ಲೆಕ್ಕ ಹಾಕಬೇಕು. ಅಣು-ಪರಮಾಣುಗಳನ್ನು ಎಣಿಸಲು ರಸಾಯನಶಾಸ್ತ್ರದಲ್ಲಿ ಬಳಸುವ ಮೈಕ್ರೋಮೋಲ್ ಅಳತೆಯಲ್ಲಿ, ಒಂದು ಲೀಟರಿನಲ್ಲಿ ಒಂದು ಮೈಕ್ರೋಮೋಲ್ ಪಾದರಸ ಎಂದರೆ 0.2 ಮಿಲಿಗ್ರಾಂ. ಕುಡಿಯುವ ನೀರಿನಲ್ಲಿ ಭಾರತೀಯ ಮಾನಕ ಒಪ್ಪುವುದು ಲೀಟರಿಗೆ 0.001 ಮಿಲಿಗ್ರಾಂ ಮಾತ್ರ. ಮೈಕ್ರೋಮೋಲ್ ಮಟ್ಟದಲ್ಲಿ ಮಾತ್ರ ಎಚ್ಚರಿಸುವ ವಿಧಾನವು ಮಿತಿಗಿಂತ ಇನ್ನೂರು ಪಟ್ಟು ವಿಷವಾದ ಮೇಲೆ ಎಚ್ಚರಿಸಿದಂತಾಗುತ್ತದೆ. ಜೊತೆಗೆ ಹೊಳಪು ಕುಂದಿದ್ದು ಪಾದರಸದಿಂದಲೋ, ತಾಮ್ರದಿಂದಲೋ, ಬರೀ ಆಮ್ಲೀಯತೆ ಅಥವಾ ಬಿಸಿಯಿಂದಲೋ ಎಂದು ಮಂಕಾದ ದ್ರಾವಣವೊಂದೇ ಹೇಳಲಾರದು.

ಸ್ಪಿರುಲಿನವನ್ನು ನಾವು ತಿನ್ನುತ್ತೇವೆ ಎಂಬುದರಿಂದ ಈ ವಿಷಯ ಅಡುಗೆಮನೆಗೂ ಬರುತ್ತದೆ. ಮೈಸೂರಿನ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ದಶಕಗಳ ಹಿಂದೆಯೇ ಅದರ ಕೃಷಿಯ ಬಗ್ಗೆ ಕೆಲಸ ಮಾಡಿದೆ. ಅಮೆರಿಕದಲ್ಲಿ 2013ರಿಂದ ಅದರ ನೀಲಿ ಸಾರವನ್ನು ಮಿಠಾಯಿಗಳಿಗೆ ಬಣ್ಣವಾಗಿ ಬಳಸಲು ಅನುಮತಿಯಿದೆ. ಲೋಹಗಳನ್ನು ಹಿಡಿಯುವುದು ಈ ಪ್ರೋಟೀನೊಂದೇ ಅಲ್ಲ. ಪಾಚಿಯ ಕೋಶಭಿತ್ತಿಯೂ ನೀರಿನಿಂದ ಸೀಸ, ಕ್ಯಾಡ್ಮಿಯಂಗಳನ್ನು ಎಳೆದುಕೊಳ್ಳುತ್ತದೆ. ತೊಟ್ಟಿಯ ನೀರು ಮತ್ತು ಅದಕ್ಕೆ ಹಾಕುವ ಲವಣಗಳು ಶುದ್ಧವಾಗಿಲ್ಲದಿದ್ದರೆ ಆ ಕಶ್ಮಲ ಪುಡಿಯಲ್ಲೂ ಬರುತ್ತದೆ. ಡಬ್ಬಿಯ ಮೇಲೆ ಪ್ರೋಟೀನಿನ ಶೇಕಡಾವಾರು ಎಷ್ಟೇ ದಪ್ಪಕ್ಷರದಲ್ಲಿದ್ದರೂ, ಕೊಳ್ಳುವವರು ಭಾರಲೋಹಗಳ ಪರೀಕ್ಷಾ ವರದಿಯನ್ನು ಕೇಳಿ ಪಡೆಯಬೇಕು.