ಶುಗರ್ ಮಾತ್ರೆ ಉಚಿತ, ಹಾಗಾದರೆ ಖರ್ಚು ಎಲ್ಲಿಂದ?

ಓದುಗರ ಪ್ರಶ್ನೆ: ನಮ್ಮೂರ ಸರ್ಕಾರಿ ಆಸ್ಪತ್ರೆಯಲ್ಲಿ ಶುಗರ್ ಮಾತ್ರೆ ದುಡ್ಡಿಲ್ಲದೆ ಕೊಡುತ್ತಾರೆ. ಹೊರಗೆ ಕೊಂಡರೂ ಅಷ್ಟೇನೂ ದುಬಾರಿಯಲ್ಲ. ಆದರೂ ಈ ಕಾಯಿಲೆ ಸರ್ಕಾರದ ಆಸ್ಪತ್ರೆಗಳಿಗೆ ದೊಡ್ಡ ಹೊರೆ ಅಂತಾರಲ್ಲ, ಯಾಕೆ?

ಉತ್ತರ: ಹೊರೆ ಮಾತ್ರೆಯದ್ದಲ್ಲ. ಮೆಟ್‌ಫಾರ್ಮಿನ್, ಗ್ಲಿಮೆಪಿರೈಡ್ ಹಳೆಯ ಔಷಧಿಗಳು, ಜನೌಷಧಿ ಅಂಗಡಿಯಲ್ಲಿ ಕೆಲವೇ ರೂಪಾಯಿಗೆ ಒಂದು ಸ್ಟ್ರಿಪ್ ಸಿಗುತ್ತದೆ. ನಿಜವಾದ ಖರ್ಚು ಶುರುವಾಗುವುದು ಎಷ್ಟೋ ವರ್ಷ ಕಳೆದ ಮೇಲೆ. ಹತೋಟಿ ತಪ್ಪಿದ ಸಕ್ಕರೆ ಕಿಡ್ನಿ, ಕಣ್ಣು, ಕಾಲನ್ನು ಹಿಡಿದಾಗ.

ಕಿಡ್ನಿ ಕೈಕೊಟ್ಟವರ ರಕ್ತ ಶುದ್ಧ ಮಾಡುವ ಡಯಾಲಿಸಿಸ್ ಮಷಿನ್ ಜಿಲ್ಲಾ ಆಸ್ಪತ್ರೆಯಲ್ಲಿ ಒಂದಿದೆ ಅಂತ ಲೆಕ್ಕ ಹಾಕಿ ನೋಡೋಣ. ಒಬ್ಬರಿಗೆ ಸುಮಾರು 4 ಗಂಟೆ ಬೇಕು. ದಿನಕ್ಕೆ 3 ಪಾಳಿ, ವಾರಕ್ಕೆ 6 ದಿನ ಓಡಿಸಿದರೂ 18 ಸಲ. ವಾರಕ್ಕೆ ಮೂರು ಸಲ ಬೇಕಾದ ರೋಗಿಗಳಾದರೆ ಆರೇ ಜನಕ್ಕೆ ಆ ಮಷಿನ್ ತುಂಬಿಹೋಯಿತು. ಏಳನೆಯವರು ಬಂದರೆ ಇನ್ನೊಂದು ಮಷಿನ್ ಬೇಕು, ಟೆಕ್ನಿಷಿಯನ್ ಬೇಕು, ಶುದ್ಧ ನೀರು ಜಾಸ್ತಿ ಬೇಕು. ಒಬ್ಬರಿಗೇ ವರ್ಷಕ್ಕೆ 156 ಸಲ, ಅದೂ ಜೀವ ಇರುವವರೆಗೆ, ಇಲ್ಲವೇ ಕಿಡ್ನಿ ಕಸಿ ಆಗುವವರೆಗೆ. 2016ರಲ್ಲಿ ಶುರುವಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಲ್ಲಿ ಬಡವರಿಗೆ ಇದು ಉಚಿತ. ಒಳ್ಳೆಯ ಕೆಲಸವೇ. ಆದರೆ ರೋಗಿಗೆ ಉಚಿತ ಅಂದರೆ ಬೇರೆ ಯಾರೋ ಕಟ್ಟುತ್ತಿದ್ದಾರೆ ಅಂತ ಅರ್ಥ, ಅಲ್ವಾ? ಮನೆಯವರೂ ಕಟ್ಟುತ್ತಾರೆ. ಜೊತೆಗೆ ಬರುವ ಹೆಂಡತಿಗೆ ಶಕ್ತಿ ಯೋಜನೆಯಲ್ಲಿ ಬಸ್ ಟಿಕೆಟ್ ಇಲ್ಲ, ಸರಿ. ಆದರೆ ಆ ದಿನದ ಕೂಲಿ ಹೋಯಿತು.

ಕಾಲಿನ ಕಥೆ ಇನ್ನೂ ಸಂಕಟದ್ದು. ಹೊಸ ಚಪ್ಪಲಿ ಕಚ್ಚಿ ಹೆಬ್ಬೆರಳ ಪಕ್ಕ ಒಂದು ಬೊಬ್ಬೆ ಏಳುತ್ತದೆ. ಹತೋಟಿ ತಪ್ಪಿದ ಸಕ್ಕರೆಯಿಂದ ಸ್ಪರ್ಶ ಕಳೆದುಕೊಂಡ ಪಾದಕ್ಕೆ ನೋವೇ ತಿಳಿಯುವುದಿಲ್ಲ. ಮನುಷ್ಯ ಅದೇ ಕಾಲಲ್ಲಿ ಗದ್ದೆಗೆ ಇಳಿಯುತ್ತಾನೆ. ವಾಸನೆ ಬಂದಾಗಲೇ ಮನೆಯವರಿಗೆ ಗೊತ್ತಾಗುವುದು. ಆಮೇಲೆ ವಾರಗಟ್ಟಲೆ ಡ್ರೆಸ್ಸಿಂಗ್, ಕೊನೆಗೆ ಬೆರಳೋ ಪಾದವೋ ತೆಗೆಯಬೇಕಾಗುತ್ತದೆ. ಪಾದದಲ್ಲಿ ಸ್ಪರ್ಶ ಉಳಿದಿದೆಯೇ ಅಂತ ನೋಡಲು ಬೇಕಿರುವುದು ಪಾದಕ್ಕೆ ಮುಟ್ಟಿಸಲು ಒಂದು ನೈಲಾನ್ ಎಳೆ ಮತ್ತು ಎರಡು ನಿಮಿಷ, ಅಷ್ಟೇ.

ಇಲ್ಲೇ ನನಗೆ ಬೇಸರವಾಗುವುದು. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ರಕ್ಷಣೆ ಇದೆ. ಆದರೆ ಅದು ಮುಖ್ಯವಾಗಿ ಅಡ್ಮಿಟ್ ಆದವರಿಗೆ, ಆಪರೇಷನ್‌ಗೆ. ಖಾಸಗಿ ಕ್ಲಿನಿಕ್ಕಿನಲ್ಲಿ ತಿಂಗಳು ತಿಂಗಳು ತೋರಿಸುವ ಖರ್ಚು ನಮ್ಮ ಜೇಬಿನದ್ದೇ. 2021-22ರಲ್ಲಿ ದೇಶದ ಒಟ್ಟು ಆರೋಗ್ಯ ವೆಚ್ಚದಲ್ಲಿ ಶೇ 39.4ರಷ್ಟನ್ನು ಜನ ಕೈಯಿಂದಲೇ ಕಟ್ಟಿದ್ದಾರೆ. ದುಡ್ಡಿಲ್ಲದವರು ಮೊದಲು ಬಿಡುವುದು ಚೆಕಪ್.

ಎಷ್ಟು ಜನರ ಮಾತು ಇದು? ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಎಂಬ, 2023ರಲ್ಲಿ ಬಂದ ಅಧ್ಯಯನದ ಪ್ರಕಾರ ದೇಶದಲ್ಲಿ 10.1 ಕೋಟಿ ಮಂದಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ.

ಹಾಗಂತ ಕೈಚೆಲ್ಲಬೇಕಿಲ್ಲ. ಸಕ್ಕರೆಯನ್ನು ಬಿಗಿಯಾಗಿ ಹತೋಟಿಯಲ್ಲಿಟ್ಟರೆ ಕಣ್ಣು, ಕಿಡ್ನಿಯಂಥ ಕಡೆ ಆಗುವ ಹಾನಿ ಕಾಲು ಭಾಗದಷ್ಟು ಕಡಿಮೆಯಾಗುತ್ತದೆ ಅಂತ ಬ್ರಿಟನ್ನಿನ ದೊಡ್ಡ ಅಧ್ಯಯನವೊಂದು 1998ರಲ್ಲೇ ತೋರಿಸಿತ್ತು. ನಮ್ಮಲ್ಲೂ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಬಾಗಿಲಿಗೇ ಬಂದು ಶುಗರ್, ಬಿಪಿ ನೋಡುತ್ತಾರೆ. ಪತ್ತೆಯಾದವರಿಗೆ ಹನ್ನೆರಡು ತಿಂಗಳೂ ಮಾತ್ರೆ ಸಿಗಬೇಕು. ಬಸ್ಸು ಹಿಡಿದು ಬಂದವರಿಗೆ ಕೌಂಟರಿನಲ್ಲಿ 'ಸ್ಟಾಕ್ ಇಲ್ಲ, ಮುಂದಿನ ವಾರ ಬನ್ನಿ' ಅಂದರೆ, ಎಷ್ಟೋ ಜನ ಮತ್ತೆ ಬರುವುದೇ ಇಲ್ಲ.